ಬೀಗದಣ್ಣ ವೈಫೈಗೆ ಬೀಗ ಹಾಕಿದ್ದು

ನಮ್ಮ ಭಾವನ ಎದುರು ನಿಂತು ಗೆದ್ದ ಬೀಗ ಇನ್ನೂ ಹುಟ್ಟಿಲ್ಲ. ಇದು ನನ್ನ ಮಾತಲ್ಲ, ಅವರದೇ ಮಾತು. ಗಲ್ಲಿಯಲ್ಲಿ ಯಾರೂ ಇದನ್ನು ಅಲ್ಲಗಳೆದಿಲ್ಲವಾದ್ದರಿಂದ ಸತ್ಯವೆಂದೇ ಇಟ್ಟುಕೊಳ್ಳೋಣ. ಕೀಲಿ ಕಳೆದುಕೊಂಡವರು, ಕೀಲಿ ಒಳಗಿಟ್ಟು ಬಾಗಿಲೆಳೆದುಕೊಂಡವರು, ಕೋಪದಲ್ಲಿ ಕೀಲಿಯನ್ನು ಚರಂಡಿಗೆಸೆದು ಕೋಪ ಇಳಿದ ಮೇಲೆ ತಲೆ ಕೆರೆದುಕೊಂಡು ಬಂದವರು, ಎಲ್ಲರೂ ಮನೆಯ ಮುಂದಿನ ಕೋಣೆಯಲ್ಲಿರುವ ಅವರ ಅಂಗಡಿಗೇ ಬರಬೇಕು. ಭಾವ ಬೀಗವನ್ನು ಕಿವಿಗೆ ಹಿಡಿದು, ಡಾಕ್ಟರು ಎದೆಬಡಿತ ಕೇಳುವ ಹಾಗೆ ಕಣ್ಣು ಮುಚ್ಚಿ ಕೇಳಿ, "ಮೂರನೇ ಲಿವರ್ ಮುನಿಸಿಕೊಂಡಿದೆ" ಅನ್ನುತ್ತಾರೆ. ಒಂದು ತಂತಿ ಹಾಕಿ ಅದರ ಮುನಿಸು ಬಿಡಿಸುತ್ತಾರೆ. ಹಾಗಾಗಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಹಿರಿಯರಿಗೂ ಕಿರಿಯರಿಗೂ ಅವರು ಬೀಗದಣ್ಣ.

ಇಂಥ ಬೀಗದಣ್ಣನ ಮನೆಯ ವೈಫೈಗೆ ಬೀಗವೇ ಇರಲಿಲ್ಲ.

ಪೂರ್ತಿ ಇರಲಿಲ್ಲ ಅಂತಲ್ಲ. ಒಂದರಿಂದ ಎಂಟರ ತನಕ ಅಂಕಿಗಳನ್ನು ಸಾಲಾಗಿ ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಎಣಿಸಲು ಬರುವ ಯಾರಿಗೂ ಅಲ್ಲಿ ಪ್ರವೇಶವಿತ್ತು. ನಮ್ಮ ಗಲ್ಲಿಯ ಕಟ್ಟಡಗಳು ಒಂದರ ಹೆಗಲಿಗೊಂದು ಆತುಕೊಂಡು ನಿಂತಿರುವುದರಿಂದ ಮೊಬೈಲ್ ಸಿಗ್ನಲ್ ಕೆಳಗಿಳಿಯುವುದೇ ಇಲ್ಲ. ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಅಂಟಿಕೊಂಡು ನಿಂತರೆ ಮಾತು ಕೇಳುವಷ್ಟು ಸಿಗುತ್ತದೆ, ಅಷ್ಟೆ. ಹಾಗಾಗಿ ಇಡೀ ಗಲ್ಲಿ ಭಾವನ ವೈಫೈಯನ್ನೇ ನಂಬಿ ಬದುಕಿತ್ತು. ಎದುರಂಗಡಿಯ ಟೈಲರ್ ಹೊಸ ಬಗೆಯ ಕಾಲರ್ ಕತ್ತರಿಸುವುದನ್ನು ಅದರಲ್ಲೇ ನೋಡಿ ಕಲಿತಿದ್ದ. ಮಹಡಿಯ ಮೇಲಿನ ನಿವೃತ್ತ ಪೋಸ್ಟ್‌ಮ್ಯಾನ್ ಯಾವುದೋ ದೇಶದ, ಮುಖವನ್ನೇ ನೋಡಿರದ ಒಬ್ಬನ ಜೊತೆ ಚೆಸ್ ಆಡುತ್ತಿದ್ದರು. ಪಕ್ಕದ ಮನೆಯ ನರ್ಸಮ್ಮ ಹಡಗಿನಲ್ಲಿ ಕೆಲಸ ಮಾಡುವ ಗಂಡನ ಜೊತೆ ದಿನಾ ಜಗಳವಾಡುತ್ತಿದ್ದರು.

ಭಾವನಿಗೆ ಇದೊಂದೂ ಗೊತ್ತಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಸದಾ ಯಾರಾದರೂ ಕೂತಿರುವುದು ತಮ್ಮ ಮಾತಿನ ರುಚಿಗೆ ಎಂದು ಅವರು ನಂಬಿದ್ದರು. "ಜನಕ್ಕೆ ನನ್ನ ಮಾತು ಅಂದ್ರೆ ಪ್ರಾಣ ಕಣೋ" ಎಂದು ನನ್ನ ಹತ್ತಿರವೇ ಎಷ್ಟೋ ಸಲ ಹೇಳಿದ್ದಾರೆ. ನಾನು ಅವರ ಹೆಂಡತಿಯ ತಮ್ಮ, ಹಿಂದಿನ ಕೋಣೆಯಲ್ಲಿ ಉಚಿತವಾಗಿ ಇರುವವನು. "ಹೌದು ಭಾವ" ಎನ್ನದೆ ಇನ್ನೇನು ಹೇಳಲಿ?

ಎಲ್ಲ ಶುರುವಾದದ್ದು ಅವರ ಮಗಳು ಪುಟ್ಟಿಯಿಂದ. ಪುಟ್ಟಿ ಕೈಸನ್ನೆಯ ಭಾಷೆ ಕಲಿತವಳು. ಕಿವಿ ಕೇಳಿಸದ ಮಕ್ಕಳ ಶಾಲೆಯೊಂದರಲ್ಲಿ ಟೀಚರ್ ಆಗಬೇಕೆಂಬುದು ಅವಳ ಬಹುದಿನದ ಆಸೆ. ಆ ಶಾಲೆಯವರು ವಿಡಿಯೋದಲ್ಲಿ ಸಂದರ್ಶನ ಇಟ್ಟಿದ್ದರು. ಅವರ ಮುಂದೆ ಕೈಯಲ್ಲೇ ಪಾಠ ಮಾಡಿ ತೋರಿಸಬೇಕಿತ್ತು. ಎರಡು ದಿನ ಮೊದಲು ಗೆಳತಿಗೆ ವಿಡಿಯೋ ಕರೆ ಮಾಡಿ ಅಭ್ಯಾಸ ಮಾಡಿದಳು. ಪಾಠ ಅರ್ಧಕ್ಕೆ ಬಂದಾಗ ನೆಟ್ ನಿಂತುಹೋಯಿತು. ಗೆಳತಿಯ ಪರದೆಯಲ್ಲಿ ನಮ್ಮ ಪುಟ್ಟಿ ಕೆನ್ನೆಗೆ ಬಾರಿಸಲು ಕೈ ಎತ್ತಿದವಳಂತೆ ನಿಂತುಬಿಟ್ಟಿದ್ದಳಂತೆ.

"ಅಪ್ಪಾ, ಸಂದರ್ಶನದ ದಿನ ಹಿಂಗಾದ್ರೆ ಮುಗೀತು. ಮಾತಾಡೋರಿಗಾದ್ರೆ ಚಿತ್ರ ನಿಂತ್ರೂ ದನಿ ಕೇಳುತ್ತೆ. ನನ್ನ ಮಾತೆಲ್ಲ ಕೈಯಲ್ಲೇ ಇರೋದು" ಎಂದಳು. ಅಳಲಿಲ್ಲ. ಆದರೆ ಅವಳ ಮೂಗಿನ ತುದಿ ಕೆಂಪಾಯಿತು. ಮಗಳ ಮೂಗಿನ ತುದಿ ಕೆಂಪಾದರೆ ಭಾವ ಪ್ರಪಂಚವನ್ನೇ ಬಿಚ್ಚಿ ರಿಪೇರಿ ಮಾಡಲು ಹೊರಡುವ ಮನುಷ್ಯ.

ನೆಟ್ ಹಾಕಿಕೊಟ್ಟ ಹುಡುಗನನ್ನು ಕರೆಸಿದರು. ಅವನು ತನ್ನ ಫೋನಿನಲ್ಲಿ ಏನೋ ತೆರೆದು ನೋಡಿ ನಗತೊಡಗಿದ.

"ಅಣ್ಣಾ, ನಿಮ್ಮ ನೆಟ್‌ಗೆ ಏನೂ ಆಗಿಲ್ಲ. ಪಂಕ್ತಿ ಉದ್ದ ಆಗಿದೆ, ಅಷ್ಟೆ."

"ಯಾವ ಪಂಕ್ತಿ?"

"ನಿಮ್ಮ ನೆಟ್ ಉಣ್ಣೋಕೆ ಕೂತಿರೋ ಪಂಕ್ತಿ. ಇಲ್ನೋಡಿ, 'ಟೈಲರ್ ಫೋನ್' ಅಂತಿದೆ. 'ಚೆಸ್ ರಾಜ' ಅಂತಿದೆ. 'ನರ್ಸಮ್ಮ' ಅಂತಿದೆ. ಇನ್ನೂ ಕೆಳಗೆ ಹೋಗ್ತಾನೇ ಇದೆ." ಆಮೇಲೆ ಹೊಸ್ತಿಲ ಮೇಲೆ ನಿಂತು, ಎದುರಂಗಡಿಗೆ ಕೇಳುವ ಹಾಗೆ ಹೇಳಿಬಿಟ್ಟ: "ಬೀಗದಣ್ಣನ ಮನೆಗೇ ಬೀಗ ಇಲ್ವಲ್ಲಾ!"

ಟೈಲರ್ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನೆಲ್ಲ ಉದುರಿಸಿಕೊಂಡು ನಕ್ಕ. ಆ ನಗು ಭಾವನ ಎದೆಗೆ ನೇರವಾಗಿ ಹೋಗಿ ನಾಟಿತು. ಮೆಟ್ಟಿಲ ಮೇಲೆ ಕೂತಿದ್ದವರನ್ನು ಅವರು ಒಬ್ಬೊಬ್ಬರನ್ನಾಗಿ ನೋಡಿದರು. ಒಬ್ಬೊಬ್ಬರೂ ಫೋನನ್ನು ಜೇಬಿಗಿಳಿಸಿದರು. ಇಷ್ಟು ದಿನದ ತಮ್ಮ ಮಾತಿನ ರುಚಿ ಏನೆಂಬುದು ಆ ಮಹಾನುಭಾವರಿಗೆ ಆಗ ಅರ್ಥವಾಯಿತು.

ಮಧ್ಯಾಹ್ನಕ್ಕೆಲ್ಲ ಕಬ್ಬಿಣದ ತಗಡು ಕತ್ತರಿಸಿ, ಬಗ್ಗಿಸಿ, ಬೆಸೆದು, ರೂಟರಿಗೆ ಒಂದು ಪೆಟ್ಟಿಗೆ ಮಾಡಿ ಕೂರಿಸಿದರು. ಪಕ್ಕದಲ್ಲಿ ಸಣ್ಣ ಸಣ್ಣ ಕಿಂಡಿ, ಮುಂದೆ ಏಳು ಲಿವರಿನ ಬೀಗ. "ಈಗ ಬರ್ಲಿ, ಯಾವನು ಬರ್ತಾನೋ" ಎಂದು ಕೀಲಿಯನ್ನು ಕತ್ತಿನ ದಾರಕ್ಕೆ ಕಟ್ಟಿಕೊಂಡರು.

ಯಾರೂ ಬರಲಿಲ್ಲ. ಸಿಗ್ನಲ್ಲೂ ಹೊರಗೆ ಬರಲಿಲ್ಲ.

ನೆಟ್ ಹುಡುಗ ಮಾರನೆಯ ದಿನ ಮತ್ತೆ ಬಂದ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ ಗಲ್ಲಕ್ಕೆ ಕೈಯಿಟ್ಟುಕೊಂಡ. "ಅಣ್ಣಾ, ಇದು ಕಬ್ಬಿಣ. ಸಿಗ್ನಲ್ ಒಳಗೇ ಉಸಿರುಕಟ್ಟಿ ಮಲಗಿದೆ."

"ಗಾಳಿಗೆ ಕಿಂಡಿ ಬಿಟ್ಟಿದ್ದೀನಲ್ಲಪ್ಪ!"

"ಗಾಳಿಗೆ ಬಿಟ್ಟಿದ್ದೀರಿ ಅಣ್ಣಾ, ಸಿಗ್ನಲ್ಲಿಗೆ ಬಿಟ್ಟಿಲ್ಲ. ಇದಕ್ಕೆ ಬೀಗ ಅಂದ್ರೆ ಪಾಸ್‌ವರ್ಡು. ಗಟ್ಟಿಯಾದ್ದು ಹಾಕ್ಬೇಕು. ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಇಂಥ ಚಿಹ್ನೆ, ಎಲ್ಲ ಬೆರೆಸ್ಬೇಕು. ಯಾರೂ ಊಹಿಸೋಕೆ ಆಗ್ಬಾರ್ದು." ಅವನು ಫೋನಿನ ಕೀಲಿಮಣೆಯಲ್ಲಿ ಚಿಹ್ನೆಗಳ ಸಾಲು ತೋರಿಸಿದ. ಭಾವ ಕನ್ನಡಕ ಏರಿಸಿಕೊಂಡು ನೋಡಿದರು. ಆ ಚಿಹ್ನೆಗಳ ಹೆಸರು ಅವರಿಗೆ ಗೊತ್ತಿಲ್ಲ. ಆದರೆ ಆಕಾರಗಳೆಲ್ಲ ಹಳೆಯ ಪರಿಚಯದವು.

"ಇದು ಮೊಳೆ" ಎಂದರು ಆಶ್ಚರ್ಯಸೂಚಕವನ್ನು ಮುಟ್ಟಿ. ಇಮೇಲ್ ವಿಳಾಸದಲ್ಲಿ ಬರುವ ಸುತ್ತನ್ನು ಮುಟ್ಟಿ, "ಇದು ಸ್ಪ್ರಿಂಗು." ಅಡ್ಡಡ್ಡ ಉದ್ದುದ್ದ ಗೆರೆ ಇರುವುದನ್ನು ಮುಟ್ಟಿ, "ಕಿಟಕಿ ಜಾಲರಿ." ನಕ್ಷತ್ರವನ್ನು ಮುಟ್ಟಿ, "ಸ್ಕ್ರೂ ತಲೆ. ಎಲ್ಲ ನಮ್ಮ ಅಂಗಡಿ ಸಾಮಾನೇ ಕಣಯ್ಯ!"

"ನಾನೇ ಹಾಕಿಕೊಡ್ಲಾ ಅಣ್ಣಾ?"

"ಬೇಡ. ಬೀಗ ಹಾಕಿಕೊಟ್ಟವನ ಹತ್ರ ಕೀಲಿ ಉಳೀಬಾರ್ದು. ನಮ್ಮಪ್ಪ ಹೇಳಿಕೊಟ್ಟ ಮೊದಲನೇ ಪಾಠ ಅದು. ಎಲ್ಲಿ ಒತ್ಬೇಕು ಅಂತ ತೋರ್ಸಿ ನೀನು ಹೊರಡು."

ಹುಡುಗ ರೂಟರನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಸಿ, ತೋರಿಸಿ ಹೊರಟ. ಹೊರಡುವ ಮುಂಚೆ ಒಂದು ಉಪಕಾರದ ಮಾತು ಹೇಳಿದ: "ಅಕಸ್ಮಾತ್ ಮರೆತ್ರೆ, ರೂಟರ್ ಹಿಂದೆ ಈ ಸಣ್ಣ ತೂತಿದೆ ನೋಡಿ, ಇದಕ್ಕೆ ಒಂದು ಪಿನ್ ಹಾಕಿ ಒತ್ತಿ. ಪಾಸ್‌ವರ್ಡ್ ಅಳಿಸಿಹೋಗಿ ಮೊದಲಿನ ಥರ ಆಗುತ್ತೆ."

"ಯಾರು ಪಿನ್ ಹಾಕಿದ್ರೂ ಆಗುತ್ತಾ?"

"ಹೂಂ, ಯಾರು ಹಾಕಿದ್ರೂ."

ಅವನ ಬೈಕಿನ ಸದ್ದು ಗಲ್ಲಿ ದಾಟುವುದರೊಳಗೆ ಆ ತೂತಿಗೆ ಲೋಹದ ಅಂಟು ತುಂಬಿ, ಒಣಗಿಸಿ, ಉಜ್ಜಿ ನುಣುಪು ಮಾಡಿ ಆಗಿತ್ತು. "ಮುಂದೆ ಬಾಗಿಲು ಹಾಕಿ ಹಿಂದೆ ಕನ್ನ ಕೊರೆದಿಟ್ಟಿದ್ದಾರೆ ಬುದ್ಧಿವಂತರು!" ಎಂದು ಭಾವ ಬೈದುಕೊಂಡರು.

ಆ ಸಂಜೆ ಮನೆಯಲ್ಲಿ ಸಭೆ ಸೇರಿತು. ಭಾವ, ನಮ್ಮಕ್ಕ, ಭಾವನ ತಾಯಿ ಅಂದರೆ ಗಲ್ಲಿಗೆಲ್ಲ ಅಜ್ಜಿ, ಪುಟ್ಟಿ, ನಾನು.

"ಅಪ್ಪಾ, ಕೊಡಿ, ನಾನೇ ಹಾಕ್ತೀನಿ. ಎರಡು ನಿಮಿಷದ ಕೆಲ್ಸ" ಎಂದಳು ಪುಟ್ಟಿ.

"ನೀನು ನಾಳೆಯ ಪಾಠ ಓದ್ಕೋ ಹೋಗು. ಬೀಗ ಹಾಕೋದು ನನ್ನ ಕೆಲ್ಸ." ಅವಳು ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಭಾವ ಗಂಟಲು ಸರಿಮಾಡಿಕೊಂಡರು. "ನೋಡಿ, ಬ್ಯಾಂಕಿನ ಲಾಕರ್ರಿಗೆ ಎರಡು ಕೀಲಿ ಇರುತ್ತೆ. ಎರಡೂ ಸೇರಿದ್ರೇನೇ ತೆಗೆಯೋದು. ನಮ್ಮದಕ್ಕೆ ಮೂರು. ಅಮ್ಮಾ, ಅಂಕಿ ನಿಂದು. ಅಕ್ಷರ ಇವಳದ್ದು. ಚಿಹ್ನೆ ನಂದು. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಾಗ್ಬಾರ್ದು."

"ನನಗೆ ಭಾವ?" ಎಂದೆ.

"ನಿನ್ನ ಬಾಯಿ ಬಾಗಿಲಿಲ್ಲದ ಮನೆ ಇದ್ದ ಹಾಗೆ. ನಿನಗೇನೂ ಇಲ್ಲ."

"ಮನೆಯೋರಿಗೆ ಮನೆಯೋರೇ ಮುಚ್ಚಿಡೋದು ಏನು ಕರ್ಮ ರೀ?" ಎಂದಳು ಅಕ್ಕ.

"ನಾಳೆ ಯಾರಾದ್ರೂ ಬಂದು ನಯವಾಗಿ ಕೇಳ್ತಾರೆ, ನೀನು ಹೇಳ್ಬಿಡ್ತೀಯ. ಆದ್ರೂ ಏನೂ ಆಗಲ್ಲ, ಅವರ ಕೈಗೆ ಸಿಗೋದು ಮೂರನೇ ಒಂದು ಭಾಗ! ಅಮ್ಮಾ, ಕೇಳಿಸ್ಕೋ. ಯಾರು ಕೇಳಿದ್ರೂ ಹೇಳ್ಬೇಡ. ನಾನೇ ಬಂದು ಕೇಳಿದ್ರೂ ಹೇಳ್ಬೇಡ!"

"ಆಯ್ತಪ್ಪ" ಎಂದಿತು ಅಜ್ಜಿ. ಅಜ್ಜಿ ಒಂದು ಸಲ "ಆಯ್ತಪ್ಪ" ಅಂದರೆ ಅದು ಕಲ್ಲಿನ ಮೇಲೆ ಕೊರೆದ ಹಾಗೆ.

ಆಮೇಲೆ ಒಬ್ಬೊಬ್ಬರಾಗಿ ಫೋನು ಹಿಡಿದು ಒಳಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ತಮ್ಮ ತಮ್ಮ ಪಾಲು ಒತ್ತಿ ಬಂದರು. ಪರದೆಯ ಮೇಲೆ ಬರೀ ಚುಕ್ಕಿ. ಖಾತ್ರಿಗೆ ಇನ್ನೊಂದು ಸಲ ಒತ್ತಿ ಎಂದು ಯಂತ್ರ ಕೇಳಿತು. ಮತ್ತೆ ಮೆರವಣಿಗೆ. ಕೊನೆಗೆ ಭಾವ ಬೆರಳಿಟ್ಟು ಒತ್ತಿದರು. ಮನೆಯ ಫೋನುಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದವು.

ಮೊದಲ ಕೂಗು ಮಹಡಿಯಿಂದ ಬಂತು. ಪೋಸ್ಟ್‌ಮ್ಯಾನ್ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಇಳಿದುಬಂದರು. "ಬೀಗದಣ್ಣಾ, ನನ್ನ ರಾಣಿ ಸಾಯೋ ಹೊತ್ತಲ್ಲಿ ಏನಯ್ಯಾ ಇದು! ಎರಡು ನಿಮಿಷ ತೆಗಿ!"

"ಯಾರಪ್ಪಾ ಸಾಯ್ತಿರೋದು?" ಎಂದು ಅಜ್ಜಿ ಗಾಬರಿಯಿಂದ ಹೊರಗೆ ಬಂತು.

"ಚೆಸ್ಸಿನ ರಾಣಿ ಅಮ್ಮಾ!"

ಹಿಂದೆಯೇ ನರ್ಸಮ್ಮ. "ಅಣ್ಣಾ, ನನ್ನ ಗಂಡ ನಡುಸಮುದ್ರದಲ್ಲಿ ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದಾರೆ! ಈಗ ತಾನೇ 'ತಪ್ಪು ನಂದೇ' ಅನ್ನೋಕೆ ಹೊರಟಿದ್ರು!"

ಭಾವ ಅರವನ್ನು ಎತ್ತಿಕೊಂಡು ಒಂದು ಕೀಲಿ ಉಜ್ಜತೊಡಗಿದರು. ತಲೆ ಎತ್ತಲಿಲ್ಲ. ಟೈಲರ್ ಬಂದು ಕೆಮ್ಮಿದ. "ಅಣ್ಣಾ, ನಿನ್ನೆ ನಕ್ಕಿದ್ದಕ್ಕೆ ಬೇಜಾರಾಯ್ತಾ?" ಅರ ಮಾತ್ರ ಕಿರ್ರ್ ಕಿರ್ರ್ ಎನ್ನುತ್ತಿತ್ತು. ಅದರ ತಾಳಕ್ಕೆ ಭಾವ ತಮ್ಮಷ್ಟಕ್ಕೇ ಏನನ್ನೋ ಗುನುಗುತ್ತಿದ್ದರು. ಹಾಡಿರಬೇಕು ಅಂದುಕೊಂಡೆ. ಅಂಗಡಿ ಮುಚ್ಚುವ ತನಕವೂ ಅದೇ ಗುನುಗು.

ಊಟಕ್ಕೆ ಕೂತಾಗ ನಾನು ಮೆಲ್ಲಗೆ, "ಭಾವ, ನಮ್ಮ ಫೋನುಗಳಿಗೂ ನೆಟ್ ಇಲ್ವಲ್ಲ, ಈಗಲೇ ಹಾಕ್ಕೊಂಡುಬಿಡೋಣ್ವಾ?" ಎಂದೆ.

"ಇವತ್ತು ಹಾಗೇ ಇರ್ಲಿ. ಪರೀಕ್ಷೆ ಮಾಡ್ತಿದ್ದೀನಿ. ನಾವೇ ಒಳಗೆ ಹೋಗೋಕಾಗಲ್ಲ ಅಂದ್ರೆ ಕಳ್ಳ ಹೇಗೋ ಹೋಗ್ತಾನೆ?"

ನಾನು ಊಟ ಮುಗಿಸಿ ಎದ್ದೆ.

ಬೆಳಿಗ್ಗೆ ಪುಟ್ಟಿ ತಲೆ ಬಾಚಿ, ತೋಳು ಕಾಣುವ ಹಾಗೆ ಗಾಢ ಬಣ್ಣದ ಅಂಗಿ ತೊಟ್ಟು, ಲ್ಯಾಪ್‌ಟಾಪ್ ಮುಂದೆ ಕೂತಳು. ಕೈ ಎದ್ದು ಕಾಣಲಿ ಎಂದು ಹಿಂದೆ ಗೋಡೆಗೊಂದು ಬಿಳಿ ಬಟ್ಟೆ ಕಟ್ಟಿದ್ದಳು. ಸಂದರ್ಶನಕ್ಕೆ ಇನ್ನು ಅರ್ಧ ಗಂಟೆ ಇತ್ತು. "ಅಪ್ಪಾ, ಪಾಸ್‌ವರ್ಡ್ ಹೇಳಿ."

ಭಾವ ಗತ್ತಿನಿಂದ, "ಅಮ್ಮಾ, ಬಾ. ನಿನ್ನ ಅಂಕಿ ಹೇಳು" ಎಂದರು.

ಅಜ್ಜಿ ತುಟಿ ಬಿಗಿಹಿಡಿಯಿತು.

"ಅಮ್ಮಾ, ಹೇಳಮ್ಮಾ."

"ಹೇಳಲ್ಲ."

"ಯಾಕೆ?"

"ನಾನೇ ಬಂದು ಕೇಳಿದ್ರೂ ಹೇಳ್ಬೇಡ ಅಂದಿದ್ದೆ ನೀನು."

"ಅದು ಸುಮ್ನೆ ಮಾತಿಗೆ ಹೇಳಿದ್ದಮ್ಮಾ! ಈಗ ನಾನೇ ಕೇಳ್ತಿದ್ದೀನಿ."

"ಅದೇ ಹೇಳಿದ್ನಲ್ಲ, ನೀನೇ ಕೇಳ್ತಿದ್ದೀಯ. ಅದಕ್ಕೇ ಹೇಳಲ್ಲ."

"ಅಜ್ಜೀ, ನನಗೋಸ್ಕರ" ಎಂದಳು ಪುಟ್ಟಿ. ಅಜ್ಜಿ ಸ್ವಲ್ಪ ಕರಗಿತು. "ನಿನಗೋಸ್ಕರ ಒತ್ತಿಕೊಡ್ತೀನಿ ಕಂದಾ. ಬಾಯಿ ಮಾತ್ರ ಬಿಡಲ್ಲ. ಎಲ್ಲಾ ಆ ಕಡೆ ತಿರುಗಿ."

ನಾವೆಲ್ಲ ಗೋಡೆಗೆ ಮುಖ ಮಾಡಿ, ಪಾಠ ಒಪ್ಪಿಸದ ಮಕ್ಕಳ ಹಾಗೆ ನಿಂತೆವು. ಅಜ್ಜಿ ಒಂದೊಂದೇ ಅಂಕಿಯನ್ನು ಹುಡುಕಿ, ನಮಸ್ಕಾರ ಮಾಡುವಷ್ಟು ನಿಧಾನವಾಗಿ ಒತ್ತಿತು. ಆಮೇಲೆ ಅಕ್ಕ ಕೂತು ಪಟಪಟ ಒತ್ತಿದಳು. ಯಾಕೋ ಅವಳ ಮುಖ ಕೆಂಪಾಗಿತ್ತು. ಕೊನೆಗೆ ಭಾವ ಬೆರಳು ನೆಟಿಕೆ ತೆಗೆದು ಚಿಹ್ನೆಗಳನ್ನು ಒತ್ತಿದರು.

ಪಾಸ್‌ವರ್ಡ್ ತಪ್ಪು.

"ಅಮ್ಮಾ, ನೀನು ಯಾವುದೋ ಅಂಕಿ ಎರಡು ಸಲ ಒತ್ತಿದ್ದೀಯ."

"ನನ್ನ ಬೆರಳಿಗೆ ವಯಸ್ಸಾಗಿದೆ, ಬುದ್ಧಿಗಲ್ಲ. ನಿನ್ನ ಹೆಂಡ್ತೀನ ಕೇಳು."

"ನನ್ನದು ಸರಿಯಾಗೇ ಇದೆ ಅತ್ತೆ. ನಾನು ದಿನಾ ಹೇಳೋ ಮಾತು, ಅದನ್ನ ಮರೀತೀನಾ?" ಎಂದು ಅಕ್ಕ ನಾಲಿಗೆ ಕಚ್ಚಿಕೊಂಡಳು.

ಮತ್ತೆ ಗೋಡೆಗೆ ಮುಖ, ಮತ್ತೆ ಮೂರು ಪಾಲು. ಮತ್ತೆ ತಪ್ಪು. ನಾನು ತಾರಸಿಗೆ ಓಡಿ ಟ್ಯಾಂಕಿಗೆ ಅಂಟಿಕೊಂಡು ನೆಟ್ ಹುಡುಗನಿಗೆ ಫೋನ್ ಮಾಡಿದೆ. ಅವನು ಊರಿನ ಇನ್ನೊಂದು ತುದಿಯಲ್ಲಿ ಯಾವುದೋ ಕಂಬದ ಮೇಲಿದ್ದ. "ಗಾಬರಿ ಯಾಕೆ? ಆ ತೂತಿಗೆ ಪಿನ್ ಹಾಕಿ ಒತ್ತಿ, ಆಮೇಲೆ ಏನು ಮಾಡ್ಬೇಕು ಅಂತ ಫೋನಲ್ಲೇ ಹೇಳ್ತೀನಿ" ಎಂದ. ತೂತಿನ ಗತಿ ಏನಾಯಿತೆಂದು ನಾನು ಹೇಳಿದೆ. ಅವನು ಕಂಬದ ಮೇಲಿಂದಲೇ, "ಅಣ್ಣನಿಗೆ ನನ್ನ ನಮಸ್ಕಾರ ಹೇಳಿ" ಎಂದು ಫೋನ್ ಇಟ್ಟ.

ಕೆಳಗಿಳಿದು ಬರುವಷ್ಟರಲ್ಲಿ ಗದ್ದಲ ಕೇಳಿ ಗಲ್ಲಿಯವರೆಲ್ಲ ಬಾಗಿಲಲ್ಲಿ ಸೇರಿದ್ದರು. ಮುನಿಸಿಕೊಂಡವರೂ ಬಂದಿದ್ದರು. ಮುನಿಸು ಬೇರೆ, ಪಕ್ಕದ ಮನೆಯ ಗದ್ದಲ ಬೇರೆ.

"ಯಾರದು ತಪ್ಪು ಅಂತ ಕಣ್ಣಲ್ಲೇ ನೋಡಿಬಿಡೋಣ" ಎಂದು ಪುಟ್ಟಿ, ಮೂರನೇ ಸಲ ಒತ್ತಿಸಿದ ಮೇಲೆ ಪಕ್ಕದಲ್ಲಿದ್ದ ಕಣ್ಣಿನ ಗುರುತನ್ನು ಮುಟ್ಟಿದಳು. ಚುಕ್ಕಿಗಳೆಲ್ಲ ಮಾಯವಾಗಿ, ಮೂವರ ಗುಟ್ಟೂ ಒಂದೇ ಸಾಲಿನಲ್ಲಿ ಬಟಾಬಯಲಾಯಿತು.

ಎಲ್ಲರ ಕಣ್ಣೂ ಮೊದಲು ನಡುವಿನ ಅಕ್ಷರಗಳಿಗೆ ಹೋಯಿತು. ಇಂಗ್ಲಿಷ್ ಅಕ್ಷರದಲ್ಲಿ, ಎರಡು ಕಡೆ ದೊಡ್ಡಕ್ಷರ ಹಾಕಿ, "ನನ್ನ ಗೂಬೆ" ಎಂದು ಬರೆದಿತ್ತು.

"ಗೂಬೆ ಯಾರು?" ಎಂದರು ಭಾವ.

"ಮನೇಲಿ ಇನ್ಯಾರಿದ್ದಾರಪ್ಪ?" ಎಂದಿತು ಅಜ್ಜಿ.

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ದಿನಾ ಹಿತ್ತಲಲ್ಲಿ ಬಟ್ಟೆ ಒಣಗಿಸ್ತಾ, 'ನನ್ನ ಗೂಬೆ ಇನ್ನೂ ಎದ್ದಿಲ್ಲ' ಅಂತ ಹೇಳ್ತಿರ್ತಾರಲ್ಲ, ಗಲ್ಲಿಗೆಲ್ಲ ಗೊತ್ತು" ಎಂದು ನರ್ಸಮ್ಮ ಸಹಾಯಕ್ಕೆ ಬಂದರು. ಭಾವನಿಗೊಬ್ಬರಿಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ಅವರು ಇನ್ನೂ ಎದ್ದಿರುತ್ತಿರಲಿಲ್ಲ.

ಪೋಸ್ಟ್‌ಮ್ಯಾನ್ ಅಂಕಿಗಳ ಮೇಲೆ ಬಗ್ಗಿದರು. "ಇದು ನಿಮ್ಮ ಅಂಗಡಿಯ ಹಳೇ ಫೋನ್ ನಂಬರು! ಬೋರ್ಡಿನ ಮೇಲೆ ಇಷ್ಟು ದಪ್ಪಕ್ಷರದಲ್ಲಿದೆಯಲ್ಲಮ್ಮಾ!"

ನಾವೆಲ್ಲ ಹೊರಗೆ ಕತ್ತು ಚಾಚಿದೆವು. ಭಾವನ ತಂದೆ ಬರೆಸಿದ ಬೋರ್ಡು. ಕೆಂಪು ಬಣ್ಣ ಮಾಸಿದೆ, ಅಂಕಿಗಳು ಮಾಸಿಲ್ಲ.

"ಆ ಫೋನು ಕಿತ್ತು ಎಷ್ಟೋ ಕಾಲ ಆಯ್ತು" ಎಂದಿತು ಅಜ್ಜಿ ಸಣ್ಣ ದನಿಯಲ್ಲಿ. "ಆಗ ನಮ್ಮ ಮನೆ ಬೇರೆ ಬೀದೀಲಿತ್ತು. ಮಧ್ಯಾಹ್ನ ಇವನಪ್ಪ ಊಟಕ್ಕೆ ಬರೋದು ತಡ ಆದ್ರೆ ನಾನು ಪಕ್ಕದ ಮನೆಯಿಂದ ಆ ನಂಬರಿಗೆ ಮಾಡ್ತಿದ್ದೆ. ಅವರು ಎತ್ತಿ, 'ಬಂದೆ' ಅಂತಿದ್ರು. ಅಷ್ಟೇ ಮಾತು. ಇನ್ನು ಅದು ಯಾರಿಗೂ ನೆನಪಿರಲ್ಲ ಅಂದ್ಕೊಂಡಿದ್ದೆ."

ಪುಟ್ಟಿ ಅಜ್ಜಿಯ ಕೈ ಹಿಡಿದುಕೊಂಡಳು. ಆಮೇಲೆ ಎಲ್ಲರೂ ಒಟ್ಟಿಗೆ ಭಾವನ ಕಡೆ ತಿರುಗಿದರು. ಅಂಕಿ ಸರಿ, ಅಕ್ಷರ ಸರಿ. ಉಳಿದದ್ದು ಒಂದೇ ಪಾಲು.

ಭಾವನ ಹಣೆಯಲ್ಲಿ ಬೆವರೊಡೆಯಿತು. "ಮೊಳೆ... ಮೊಳೆ ಎರಡಿತ್ತು. ಅದು ಖಂಡಿತ. ಎರಡು ಮೊಳೆ, ಸ್ಪ್ರಿಂಗು, ಜಾಲರಿ... ಇಲ್ಲ, ಜಾಲರಿ ಮೊದಲು..." ಒತ್ತಿದರು. ತಪ್ಪು. ಹಿಂದುಮುಂದು ಮಾಡಿ ಒತ್ತಿದರು. ತಪ್ಪು. ಕೊನೆಗೆ ಅವರು ಮಾಡಿದ್ದನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೇಳಿದರು. ಅದು ಏನೂ ಹೇಳಲಿಲ್ಲ.

"ಪರವಾಗಿಲ್ಲಪ್ಪ" ಎಂದಳು ಪುಟ್ಟಿ. "ನೀವು ನನಗೋಸ್ಕರಾನೇ ಮಾಡಿದ್ದು. ಇನ್ನೊಂದು ಶಾಲೆ ಸಿಗುತ್ತೆ." ಎದ್ದು ಗೋಡೆಯ ಬಿಳಿ ಬಟ್ಟೆಯ ಒಂದು ತುದಿ ಬಿಚ್ಚಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಭಾವ ಲ್ಯಾಪ್‌ಟಾಪನ್ನು ಮಗುವನ್ನು ಮಲಗಿಸುವ ಹಾಗೆ ಮೇಜಿನ ಮೇಲಿಟ್ಟು, ಗೋಡೆಗೆ ಮುಖ ಮಾಡಿ ನಿಂತರು. ಈ ಸಲ ಯಾರೂ ತಿರುಗಲು ಹೇಳಿರಲಿಲ್ಲ.

ಆಗ ಗುಂಪನ್ನು ಸರಿಸಿಕೊಂಡು ಟೈಲರ್ ಒಳಗೆ ಬಂದ. ಕೈಯಲ್ಲೊಂದು ಕಾಗದದ ಪೊಟ್ಟಣ. ಒಳಗೆ ಏನು ನಡೆಯುತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ನೇರ ಪೇಟೆಯಿಂದ ಬರುತ್ತಿದ್ದ.

"ಅಣ್ಣಾ, ಕೋಪ ಬಿಡಿ. ನಕ್ಕಿದ್ದು ನಂದು ತಪ್ಪು. ಇಷ್ಟು ದಿನ ಕೇಳದೆ ನಿಮ್ಮ ನೆಟ್ ಬಳಸಿದ್ದೂ ತ‍ಪ್ಪೇ. ಅದಕ್ಕೆ ನಿಮಗೆ ಬೇಕಾಗಿದ್ದ ಸಾಮಾನು ತಂದಿದ್ದೀನಿ" ಎಂದು ಪೊಟ್ಟಣವನ್ನು ಮೇಜಿನ ಮೇಲೆ ಸುರಿದ. ಎರಡು ಮೊಳೆ, ಒಂದು ಸ್ಪ್ರಿಂಗು, ಅಂಗೈಯಗಲ ಕಿಟಕಿ ಜಾಲರಿ, ಒಂದು ಸ್ಕ್ರೂ ಉರುಳಿ ಬಿದ್ದವು.

ಭಾವ ನಿಧಾನವಾಗಿ ತಿರುಗಿದರು. "ಇದು ಬೇಕು ಅಂತ ನಿನಗೆ ಯಾರು ಹೇಳಿದ್ದು?"

"ನೀವೇ! ನಿನ್ನೆ ಅಂಗಡಿ ಮುಚ್ಚೋ ತನಕ ಹೇಳ್ತಾನೇ ಇದ್ರಲ್ಲ? ನನ್ನ ಜೊತೆ ಮಾತು ಬಿಟ್ಟಿದ್ದೀರಿ, ಅದಕ್ಕೇ ನನಗೆ ಕೇಳ್ಲಿ ಅಂತ ಹಾಗೆ ಹೇಳ್ತಿದ್ದೀರಿ ಅಂದ್ಕೊಂಡೆ. ನಿಮ್ಮ ಅರದ ತಾಳಕ್ಕೇ ನಾನೂ ಮಿಷನ್ ತುಳಿದೆ. ಮೊಳೆ, ಸ್ಪ್ರಿಂಗು, ಮೊಳೆ, ಜಾಲರಿ, ಸ್ಕ್ರೂ! ಮೊಳೆ, ಸ್ಪ್ರಿಂಗು, ಮೊಳೆ, ಜಾಲರಿ, ಸ್ಕ್ರೂ! ಎರಡು ಮೊಳೆ ಬೇಕಾದ್ರೆ ಒಟ್ಟಿಗೇ ಕೇಳ್ಬಾರ್ದಾ, ಮಧ್ಯ ಸ್ಪ್ರಿಂಗ್ ಯಾಕೆ ತುರುಕ್ತಾರೆ ಅಂತ..."

ಮಾತು ಮುಗಿಸಲು ಭಾವ ಬಿಡಲಿಲ್ಲ. ಅವನನ್ನು ಎತ್ತಿಕೊಂಡೇಬಿಟ್ಟರು. ಪುಟ್ಟಿ ಆಗಲೇ ಕೀಲಿಮಣೆಯ ಮೇಲೆ ಬಗ್ಗಿದ್ದಳು. "ಮೊಳೆ!" ಎಂದು ಗಲ್ಲಿ ಕೂಗಿತು. "ಸ್ಪ್ರಿಂಗು! ಮೊಳೆ! ಜಾಲರಿ! ಸ್ಕ್ರೂ!"

ತೆರೆಯಿತು.

ಆ ಸಂಭ್ರಮದ ನಡುವೆ ಎಲ್ಲಿಂದಲೋ ಟಿಣ್ ಎಂದಿತು. ಇನ್ನೊಂದು ಕಡೆಯಿಂದ ಟಿಣ್. ಪೋಸ್ಟ್‌ಮ್ಯಾನ್ ಫೋನನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಬೋರ್ಡಿನ ನಂಬರು ಎಲ್ಲರಿಗೂ ಗೊತ್ತು, ಗೂಬೆಯೂ ಗೊತ್ತು, ಸಾಮಾನನ್ನು ಈಗ ತಾನೇ ಒಕ್ಕೊರಲಿನಲ್ಲಿ ಕೂಗಿಯಾಗಿದೆ. ಭಾವನ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಲು ಮುಂದೆ ಬಂದವರು ಪೋಸ್ಟ್‌ಮ್ಯಾನೇ. "ಅಭ್ಯಾಸಬಲ ಮಾರಾಯ. ಮಗು ಪಾಠ ಮುಗಿಸೋ ತನಕ ನನ್ನ ರಾಣಿ ಕಾಯಲಿ" ಎಂದು ಫೋನನ್ನು ಭಾವನ ಕೈಗಿಟ್ಟರು. "ನನ್ನ ಗಂಡನೂ ಕಾಯಲಿ, ಬುದ್ಧಿ ಬರುತ್ತೆ" ಎಂದು ನರ್ಸಮ್ಮ ಕೊಟ್ಟರು. ಟೈಲರ್ ಕೊಟ್ಟ. ಎಲ್ಲರೂ ಕೊಟ್ಟರು. ಭಾವ ಅತ್ತಿತ್ತ ನೋಡಿ, ಮೂಲೆಯಲ್ಲಿ ಬಿದ್ದಿದ್ದ ಕಬ್ಬಿಣದ ಪೆಟ್ಟಿಗೆಯನ್ನು ತಂದು, ಫೋನುಗಳನ್ನೆಲ್ಲ ಅದರಲ್ಲಿಟ್ಟು, ಏಳು ಲಿವರಿನ ಬೀಗ ಹಾಕಿದರು. ಕೊನೆಗೂ ಅದಕ್ಕೊಂದು ಕೆಲಸ ಸಿಕ್ಕಿತು. ಒಂದು ಸಿಗ್ನಲ್ಲೂ ಒಳಗೆ ಹೋಗಲಿಲ್ಲ.

ಸಂದರ್ಶನ ನಡೆಯುವಾಗ ಗಲ್ಲಿಯೇ ಉಸಿರು ಹಿಡಿದು ಕಿಟಕಿಯ ಹೊರಗೆ ನಿಂತಿತ್ತು. ನಾವು ಗಲಾಟೆ ಮಾಡಿದ್ದರೂ ಆ ಕಡೆಯ ಟೀಚರುಗಳಿಗೆ ಕೇಳಿಸುತ್ತಿರಲಿಲ್ಲ, ಅವರಲ್ಲಿ ಯಾರಿಗೂ ಕಿವಿ ಕೇಳಿಸುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಅವರು ಪುಟ್ಟಿ ಓದಿಕೊಂಡಿದ್ದ ಪಾಠವನ್ನು ಕೇಳಲೇ ಇಲ್ಲ. ಪಕ್ಕದಲ್ಲಿ ಏನಿದೆಯೋ ಅದನ್ನೇ ತೆಗೆದುಕೊಂಡು ಮಕ್ಕಳಿಗೆ ಕಲಿಸಿ ತೋರಿಸಿ ಎಂದರು. ಪಕ್ಕದಲ್ಲಿ ಟೈಲರ್ ಸುರಿದ ಸಾಮಾನಿತ್ತು. ಪುಟ್ಟಿ ಸ್ಪ್ರಿಂಗನ್ನು ಎತ್ತಿ ತೋರಿಸಿ, ಕೆಳಗಿಟ್ಟು, ಬರೀ ಬೆರಳಲ್ಲಿ ಗಾಳಿಯಲ್ಲಿ ಒಂದು ಸ್ಪ್ರಿಂಗ್ ಮಾಡಿದಳು. ಅದನ್ನು ಒತ್ತಿದಳು. ಅದು ಪುಟಿದು ಅವಳ ಮೂಗಿಗೆ ಬಡಿಯಿತು. ಪರದೆಯಲ್ಲಿದ್ದವರೆಲ್ಲ ನಕ್ಕರು. ಕಿಟಕಿಯಲ್ಲಿ ಭಾವ ಎಣ್ಣೆ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡರು.

ಕೆಲಸ ಸಿಕ್ಕಿತು. ಪುಟ್ಟಿ ಈಗ ದಿನಾ ಬೆಳಿಗ್ಗೆ ಶಾಲೆಗೆ ಹೋಗುತ್ತಾಳೆ. ಅಂಗಡಿಯ ಮೆಟ್ಟಿಲ ಮೇಲೆ ಮತ್ತೆ ಜನ ಕೂರುತ್ತಾರೆ, ಬರುವಾಗ ಭಾವನನ್ನು ಕೇಳಿಯೇ ಕೂರುತ್ತಾರೆ. ಪುಟ್ಟಿಗೆ ನೆಟ್ ಬೇಕಾದಾಗ ಫೋನುಗಳೆಲ್ಲ ತಾವಾಗಿ ಕಬ್ಬಿಣದ ಪೆಟ್ಟಿಗೆಗೆ ಬಂದು ಬೀಳುತ್ತವೆ. ಪಾಸ್‌ವರ್ಡ್ ಬದಲಿಸಲಿಲ್ಲ. ಬದಲಿಸಲು ಅಜ್ಜಿ ಒಪ್ಪಲಿಲ್ಲ.

ಮೊನ್ನೆ ನೆಟ್ ಹುಡುಗ ತಂತಿ ನೋಡಲು ಬಂದ. ಕೆಲಸಕ್ಕೆ ವೈಫೈ ಬೇಕಾಗಿ, "ಅಣ್ಣಾ, ಪಾಸ್‌ವರ್ಡ್ ಏನಿಟ್ರಿ ಕೊನೆಗೆ?" ಎಂದ.

"ಬೀಗ ಹಾಕಿಕೊಟ್ಟವನ ಹತ್ರ ಕೀಲಿ ಉಳೀಬಾರ್ದು" ಎಂದರು ಭಾವ.

ಅವನು ಅಜ್ಜಿಯನ್ನು ಕೇಳಿದ. "ನನ್ನ ಮಗನಿಗೇ ಹೇಳಿಲ್ಲ, ನೀನ್ಯಾವನೋ?" ಎಂದಿತು ಅಜ್ಜಿ. ಪೋಸ್ಟ್‌ಮ್ಯಾನನ್ನು ಕೇಳಿದ. "ಯಾವ ಪಾಸ್‌ವರ್ಡು?" ಎಂದು ಅವರು ಕುದುರೆ ನಡೆಸಿದರು. ಹುಡುಗ ಸೋತು ಹೊರಗೆ ಬಂದು ಬೋರ್ಡಿನ ಕೆಳಗೆ, ಆ ಮಾಸದ ಅಂಕಿಗಳಿಗೆ ತಲೆ ತಾಗುವ ಹಾಗೆ ನಿಂತ. ಎದುರಂಗಡಿಯಲ್ಲಿ ಟೈಲರ್ ಮಿಷನ್ ತುಳಿಯುತ್ತ ಅದರ ತಾಳಕ್ಕೆ ಹಾಡುತ್ತಿದ್ದ, "ಮೊಳೆ, ಸ್ಪ್ರಿಂಗು, ಮೊಳೆ, ಜಾಲರಿ, ಸ್ಕ್ರೂ..." ಒಳಗಿನಿಂದ ಅಕ್ಕ ಗಲ್ಲಿಗೆಲ್ಲ ಕೇಳುವ ಹಾಗೆ ಕೂಗಿದಳು:

"ನನ್ನ ಗೂಬೇ, ಊಟ ಆರ್ತಾ ಇದೆ, ಬನ್ನಿ!"

"ಬಂದೆ" ಎಂದರು ಭಾವ.

ಹುಡುಗ ತಲೆ ಕೆರೆದುಕೊಂಡ. "ಅಣ್ಣಾ, ನಿಜ ಹೇಳ್ತೀನಿ, ಇಷ್ಟು ಗಟ್ಟಿ ಪಾಸ್‌ವರ್ಡು ನಾನು ಎಲ್ಲೂ ನೋಡಿಲ್ಲ" ಎಂದ.